ಸಾಂಬ್ರಾದಿಂದ ಕಿಶನಗಡಕ್ಕೆ ಎಷ್ಟು ದೂರ, ಎಷ್ಟು ಹೊತ್ತು?

'ಎಷ್ಟು ದೂರ?' ಎಂದು ನಮ್ಮ ಕಡೆಯ ಹಿರಿಯರನ್ನು ಕೇಳಿ ನೋಡಿ. ಮೈಲಿಯ ಲೆಕ್ಕವನ್ನಾಗಲಿ ಕಿಲೋಮೀಟರಿನ ಲೆಕ್ಕವನ್ನಾಗಲಿ ಅವರು ಹೇಳುವುದಿಲ್ಲ. 'ಎರಡು ತಾಸಿನ ಹಾದಿ' ಎನ್ನುತ್ತಾರೆ. ಇಲ್ಲವೆ 'ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟರೆ ಹೊತ್ತು ಮುಳುಗುವುದರೊಳಗೆ ಮುಟ್ಟುತ್ತೀರಿ' ಎನ್ನುತ್ತಾರೆ. ದೂರವನ್ನು ಹೊತ್ತಿನಿಂದ ಅಳೆಯುವ ಈ ಪದ್ಧತಿ ಅಜ್ಞಾನದ ಮಾತಲ್ಲ. ಹಾದಿ ನಡೆಯುವವನಿಗೆ ಬೇಕಾದದ್ದು ನೆಲದ ಅಳತೆಯಲ್ಲ, ತಾನು ಯಾವಾಗ ಮುಟ್ಟುತ್ತೇನೆಂಬ ಅರಿವು. ಚಕ್ಕಡಿಯ ಕಾಲದಲ್ಲಿ ಈ ಮಾತು ಎಷ್ಟು ನಿಜವಾಗಿತ್ತೋ ವಿಮಾನದ ಕಾಲದಲ್ಲಿಯೂ ಅಷ್ಟೇ ನಿಜವಾಗಿದೆ ಎಂಬುದನ್ನು ಇಲ್ಲಿ ತೋರಿಸಬೇಕೆಂದಿದ್ದೇನೆ.

ಈಗ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳ ಮನೆಗಳಲ್ಲಿ ಒಬ್ಬಿಬ್ಬರಾದರೂ ದೂರದಲ್ಲಿರುವವರು ಇದ್ದೇ ಇರುತ್ತಾರೆ. ಒಬ್ಬ ಮಗ ಸೈನ್ಯದಲ್ಲಿ, ಇನ್ನೊಬ್ಬ ಕಾರಖಾನೆಯಲ್ಲಿ, ಮಗಳು ಬೆಂಗಳೂರಿನಲ್ಲೋ ಪುಣೆಯಲ್ಲೋ. ಮನೆಯಲ್ಲಿ ಹಿರಿಯರಿಗೆ ಏನಾದರೂ ಆದರೆ ಮೊದಲು ಏಳುವ ಪ್ರಶ್ನೆ ಒಂದೇ: 'ಅವನು ಬರಲಿಕ್ಕೆ ಎಷ್ಟು ಹೊತ್ತು ಬೇಕು?' ಯಾರೋ ಮೊಬೈಲು ಫೋನು ತೆಗೆದು ಎರಡು ವಿಮಾನ ನಿಲ್ದಾಣಗಳ ಹೆಸರನ್ನು ಒತ್ತುತ್ತಾರೆ. ದೂರ ಇಷ್ಟು, ಹಾರಾಟದ ಹೊತ್ತು ಎರಡು ತಾಸು ಎಂದು ಉತ್ತರ ಬರುತ್ತದೆ. 'ಎರಡೇ ತಾಸು! ಮಧ್ಯಾಹ್ನದೊಳಗೆ ಬರುತ್ತಾನೆ' ಎಂದು ಓಣಿಯವರಿಗೆಲ್ಲ ತಿಳಿಸಿಬಿಡುತ್ತಾರೆ. ಸಂಜೆಯಾದರೂ ಮಗ ಬರುವುದಿಲ್ಲ. ಮಣ್ಣಿಗೆ ಬಂದ ಬಂಧುಗಳು ಅಂಗಳದಲ್ಲಿ ಕಾಯುತ್ತ ಕುಳಿತಿರುತ್ತಾರೆ. ಇನ್ನು ಕಾಯಬೇಕೋ ಬೇಡವೋ ಎಂಬ ಚರ್ಚೆ ಏಳುತ್ತದೆ. ಕೊನೆಯ ಮುಖ ನೋಡುವುದು ಮಗನಿಗೆ ದಕ್ಕಿತೋ ತಪ್ಪಿತೋ ಎಂಬುದು ಒಂದು ಲೆಕ್ಕದ ಮೇಲೆ ನಿಂತುಬಿಡುತ್ತದೆ.

ಫೋನು ಸುಳ್ಳು ಹೇಳಿರಲಿಲ್ಲ. ಆದರೆ ಅದು ಉತ್ತರ ಕೊಟ್ಟ ಪ್ರಶ್ನೆ ಬೇರೆ, ಮನೆಯವರು ಕೇಳಿದ ಪ್ರಶ್ನೆ ಬೇರೆ. ಈ ಎರಡರ ನಡುವಿನ ಅಂತರ ತಿಳಿಯಬೇಕಾದರೆ ಒಂದು ನಿಜವಾದ ಉದಾಹರಣೆಯನ್ನು ಹಿಡಿದು ಲೆಕ್ಕ ಮಾಡುವುದೇ ಒಳ್ಳೆಯದು. ನಮ್ಮ ಸಾಂಬ್ರಾ ನಿಲ್ದಾಣವನ್ನೂ ರಾಜಸ್ಥಾನದ ಕಿಶನಗಡ ನಿಲ್ದಾಣವನ್ನೂ ತೆಗೆದುಕೊಳ್ಳೋಣ.

ಸಾಂಬ್ರಾ ನಿಮಗೆ ಗೊತ್ತಿರುವ ಊರೇ. ಬೆಳಗಾವಿಯ ಪೂರ್ವಕ್ಕೆ, ಬಾಗಲಕೋಟೆಯ ಹಾದಿಯಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಇಲ್ಲಿ ವಿಮಾನದ ಅಂಗಳ ಸಿದ್ಧವಾಯಿತು. ೧೯೬೧ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಈ ಅಂಗಳ ನಮ್ಮ ವಾಯುಪಡೆಗೆ ನೆರವಾಯಿತು. ವಾಯುಪಡೆಯ ಯೋಧರಿಗೆ ತರಬೇತಿ ಕೊಡುವ ಶಾಲೆ ಈಗಲೂ ಅಲ್ಲಿದೆ. ಪ್ರಯಾಣಿಕರ ಹೊಸ ಕಟ್ಟಡ ೨೦೧೭ರಲ್ಲಿ ತೆರೆಯಿತು. ಕಿಶನಗಡವು ಅಜಮೀರ ಜಿಲ್ಲೆಯ ಊರು. ಅಮೃತಶಿಲೆಯ ದೊಡ್ಡ ಪೇಟೆ. ನಮ್ಮ ಊರುಗಳ ಎಷ್ಟೋ ಹೊಸ ಮನೆಗಳ ನೆಲಕ್ಕೆ ಹಾಸಿದ ಬಿಳಿಯ ಕಲ್ಲು ರಾಜಸ್ಥಾನದ ಆ ಕಡೆಯಿಂದಲೇ ಬಂದದ್ದು. ಅಲ್ಲಿಯ ನಿಲ್ದಾಣವೂ ೨೦೧೭ರಲ್ಲಿಯೇ ತೆರೆಯಿತು. ಅಜಮೀರದ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರು, ಪುಷ್ಕರದ ಯಾತ್ರಿಕರು, ಕಲ್ಲಿನ ವ್ಯಾಪಾರಿಗಳು, ಅಜಮೀರದ ಆಚೆಯ ನಸೀರಾಬಾದ ದಂಡು ಪ್ರದೇಶದಲ್ಲಿ ನೌಕರಿಯಲ್ಲಿರುವ ಯೋಧರು, ಇವರೆಲ್ಲರಿಗೂ ಹತ್ತಿರದ ನಿಲ್ದಾಣ ಅದೇ.

ಮೊದಲು ದೂರವನ್ನು ನೋಡೋಣ. ಇದಕ್ಕೆ ಯಂತ್ರವೇನೂ ಬೇಕಿಲ್ಲ. ಮಕ್ಕಳ ಶಾಲೆಯ ನಕಾಶೆಯ ಪುಸ್ತಕ ಸಾಕು. ನಕಾಶೆಯಲ್ಲಿ ಅಡ್ಡಗೆರೆಗಳು ಅಕ್ಷಾಂಶಗಳು, ಉದ್ದಗೆರೆಗಳು ರೇಖಾಂಶಗಳು. ಸಾಂಬ್ರಾ ಇರುವುದು ಉತ್ತರ ಅಕ್ಷಾಂಶ ೧೫.೮೬ ಡಿಗ್ರಿಯಲ್ಲಿ, ಪೂರ್ವ ರೇಖಾಂಶ ೭೪.೬೨ ಡಿಗ್ರಿಯಲ್ಲಿ. ಕಿಶನಗಡದ ನಿಲ್ದಾಣ ಅಕ್ಷಾಂಶ ೨೬.೫೯, ರೇಖಾಂಶ ೭೪.೮೧. ಈ ಎರಡನೆಯ ಅಂಕಿಗಳನ್ನು ಇನ್ನೊಮ್ಮೆ ನೋಡಿರಿ: ೭೪.೬೨ ಮತ್ತು ೭೪.೮೧. ಹೆಚ್ಚು ಕಡಿಮೆ ಒಂದೇ! ಅಂದರೆ ಕಿಶನಗಡ ನಮಗೆ ನೆಟ್ಟಗೆ ಉತ್ತರದಲ್ಲಿದೆ. ನಮ್ಮ ಗೋಕಾಕದ ರೇಖಾಂಶವಂತೂ ಸುಮಾರು ೭೪.೮೨. ಗೋಕಾಕದಲ್ಲಿ ನಿಂತು ಧ್ರುವ ನಕ್ಷತ್ರದತ್ತ ಕೈ ಚಾಚಿದರೆ ಕೈಬೆರಳಿನ ನೇರದಲ್ಲಿ, ಸಾವಿರ ಕಿಲೋಮೀಟರಿಗೂ ಆಚೆ, ಕಿಶನಗಡವಿದೆ ಎಂದು ತಿಳಿಯಿರಿ.

ಹೀಗೆ ಉತ್ತರ ದಕ್ಷಿಣವಾಗಿ ಎರಡು ಊರುಗಳಿದ್ದರೆ ಲೆಕ್ಕ ಬಹಳ ಸುಲಭ. ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿಲೋಮೀಟರು. ಇದು ಕಾಕತಾಳೀಯವಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಫ್ರಾನ್ಸಿನ ವಿದ್ವಾಂಸರು ಮೀಟರನ್ನು ಗೊತ್ತುಪಡಿಸುವಾಗ, ಭೂಮಧ್ಯರೇಖೆಯಿಂದ ಉತ್ತರಧ್ರುವದ ತನಕದ ದೂರದ ಒಂದು ಕೋಟಿಯ ಒಂದು ಪಾಲನ್ನೇ ಮೀಟರು ಎಂದು ಕರೆದರು. ಆದ್ದರಿಂದ ಆ ಕಾಲು ಸುತ್ತು ೧೦,೦೦೦ ಕಿಲೋಮೀಟರಾಯಿತು. ಅದನ್ನು ೯೦ ಡಿಗ್ರಿಗಳಿಗೆ ಹಂಚಿದರೆ ಒಂದು ಡಿಗ್ರಿಗೆ ೧೧೧ ಕಿಲೋಮೀಟರು. ಸಾಂಬ್ರಾ ಮತ್ತು ಕಿಶನಗಡಗಳ ಅಕ್ಷಾಂಶಗಳ ವ್ಯತ್ಯಾಸ ೧೦.೭೩ ಡಿಗ್ರಿ. ೧೧೧ರಿಂದ ಗುಣಿಸಿದರೆ ಸುಮಾರು ೧,೧೯೦ ಕಿಲೋಮೀಟರು. ಇದೇ ಆಕಾಶದ ಹಾದಿಯ ದೂರ. ವಿಮಾನ ನಡೆಸುವವರು ಕಿಲೋಮೀಟರನ್ನು ಬಳಸುವುದಿಲ್ಲ. ಒಂದು ಡಿಗ್ರಿಯನ್ನು ೬೦ ಪಾಲು ಮಾಡಿ ಒಂದೊಂದು ಪಾಲನ್ನು ಒಂದು ನಾವಿಕ ಮೈಲಿ ಎನ್ನುತ್ತಾರೆ. ಅದು ೧,೮೫೨ ಮೀಟರು. ಅವರ ಲೆಕ್ಕದಲ್ಲಿ ಈ ದೂರ ಸುಮಾರು ೬೪೪ ನಾವಿಕ ಮೈಲಿ.

ಪೂರ್ವ ಪಶ್ಚಿಮವಾಗಿ ಹೋಗುವಾಗ ಮಾತ್ರ ಈ ೧೧೧ರ ಗುಣಾಕಾರ ನಡೆಯುವುದಿಲ್ಲ. ರೇಖಾಂಶಗಳು ಸುಲಿದ ಮೋಸಂಬಿಯ ತೊಳೆಗಳಂತೆ. ನಡುವಿನಲ್ಲಿ ಅಗಲವಾಗಿ ತುದಿಗೆ ಹೋಗುತ್ತ ಕಿರಿದಾಗುತ್ತವೆ. ನಮ್ಮ ಬೆಳಗಾವಿಯ ಮಟ್ಟದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ೧೦೭ ಕಿಲೋಮೀಟರಿದ್ದರೆ, ಕಿಶನಗಡದ ಮಟ್ಟದಲ್ಲಿ ನೂರಕ್ಕೂ ತುಸು ಕಡಿಮೆ. ಧ್ರುವದಲ್ಲಿ ಶೂನ್ಯ. ಇದರಿಂದ ಒಂದು ವಿಚಿತ್ರ ಫಲವುಂಟು. ಬಹಳ ದೂರದ ಪ್ರಯಾಣದಲ್ಲಿ ನಕಾಶೆಯ ಮೇಲೆ ನೆಟ್ಟಗೆ ಕಾಣುವ ಗೆರೆ ನಿಜವಾಗಿ ಸಮೀಪದ ಹಾದಿಯಲ್ಲ. ಗೋಲದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಮಲಗಿದ್ದೇ ಸಮೀಪದ ಹಾದಿ. ೨೦೨೧ರ ಜನವರಿಯಲ್ಲಿ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ವಿಮಾನವೊಂದು ಎಲ್ಲಿಯೂ ಇಳಿಯದೆ ಬಂದಿತು. ಕ್ಯಾಪ್ಟನ್ ಜೋಯಾ ಅಗರವಾಲರ ಮುಂದಾಳುತನದಲ್ಲಿ ಮಹಿಳೆಯರೇ ಅದನ್ನು ನಡೆಸಿದರು. ಆ ವಿಮಾನ ಬಂದದ್ದು ಪೆಸಿಫಿಕ್ ಸಾಗರವನ್ನು ಅಡ್ಡ ದಾಟಿ ಅಲ್ಲ, ಉತ್ತರಧ್ರುವದ ನೆತ್ತಿಯ ಮೇಲಿನಿಂದ. ಸುಮಾರು ೧೪,೦೦೦ ಕಿಲೋಮೀಟರಿನ ಆ ಪಯಣಕ್ಕೆ ದಾರದ ಹಾದಿ ಅದೇ ಆಗಿತ್ತು.

ನಮ್ಮ ಹಾದಿಗೆ ಮರಳೋಣ. ಸಾಂಬ್ರಾದಿಂದ ಎದ್ದ ವಿಮಾನ ಈ ಗೆರೆಯನ್ನೇ ಹಿಡಿದು ಹೋದರೆ ಏನೇನು ದಾಟಬೇಕು? ಮೊದಲು ಹಿಡಕಲ್ ಜಲಾಶಯದ ನೀರು ಕನ್ನಡಿಯಂತೆ ಹೊಳೆಯುತ್ತದೆ. ಕೂಡಲೇ ಹುಕ್ಕೇರಿ. ಸಾಂಬ್ರಾದಿಂದ ಹುಕ್ಕೇರಿಗೆ ಆಕಾಶದಲ್ಲಿ ಬರಿಯ ೪೧ ಕಿಲೋಮೀಟರು. ಮುಂದೆ ಕೃಷ್ಣೆ, ಮೀರಜ. ಅನಂತರ ಬಾರಾಮತಿ, ಭೀಮಾ ನದಿ, ಈಗ ಅಹಿಲ್ಯಾನಗರವೆಂದು ಹೆಸರಾದ ಅಹಮದನಗರ, ಗೋದಾವರಿ, ಧುಳೆ, ತಾಪಿ, ನರ್ಮದೆ. ಆಮೇಲೆ ಮಾಳವದ ಅಂಚು, ಚಿತ್ತೋಡಗಡ, ಭೀಲವಾಡ, ಕೊನೆಗೆ ಕಿಶನಗಡ. ದಕ್ಷಿಣಾಪಥದಿಂದ ರಜಪೂತರ ನಾಡಿಗೆ ಹೋಗುವ ಇಡೀ ಚರಿತ್ರೆಯ ಹಾದಿ ಒಂದು ಉದ್ದಗೆರೆಯಲ್ಲಿ ಅಡಗಿದೆ. ವಿಮಾನ ಈ ಗೆರೆಯನ್ನು ಚಾಚೂ ತಪ್ಪದೆ ಅನುಸರಿಸುವುದಿಲ್ಲ ಎಂಬುದನ್ನು ಹೇಳಿಬಿಡಬೇಕು. ಆಕಾಶದಲ್ಲಿಯೂ ಗೊತ್ತಾದ ಹಾದಿಗಳಿವೆ, ತಿರುವುಗಳಿವೆ. ಸೈನ್ಯಕ್ಕೆ ಮೀಸಲಾದ, ಒಳಗೆ ಕಾಲಿಡಬಾರದ ಭಾಗಗಳಿವೆ. ಇದರಿಂದ ದೂರ ಸ್ವಲ್ಪ ಬೆಳೆಯುತ್ತದೆ.

ದೂರ ತಿಳಿಯಿತು. ಇನ್ನು ಹೊತ್ತು. ಜೆಟ್ ವಿಮಾನ ತಾಸಿಗೆ ೮೦೦ ಕಿಲೋಮೀಟರು ಹಾರುತ್ತದೆ ಎಂದಿಟ್ಟುಕೊಂಡರೆ ೧,೧೯೦ ಕಿಲೋಮೀಟರಿಗೆ ಸುಮಾರು ಒಂದೂವರೆ ತಾಸು. ಆದರೆ ಇಂಥ ದೂರಕ್ಕೆ ವಿಮಾನ ಕಂಪನಿಯ ಸಮಯಪಟ್ಟಿಯಲ್ಲಿ ಒಂದೂವರೆ ತಾಸು ಎಂದು ಎಂದೂ ಬರೆದಿರುವುದಿಲ್ಲ, ಎರಡು ತಾಸಿನ ಸುತ್ತ ಬರೆದಿರುತ್ತಾರೆ. ಉಳಿದ ಅರ್ಧ ತಾಸು ಎಲ್ಲಿ ಹೋಯಿತು?

ಸಮಯಪಟ್ಟಿಯ ಗಡಿಯಾರ ಓಡಲು ಶುರುವಾಗುವುದು ವಿಮಾನ ಮೇಲೇಳುವಾಗ ಅಲ್ಲ. ನಿಂತಲ್ಲಿಂದ ಅದರ ಗಾಲಿ ಕದಲುವಾಗ. ನಿಲ್ಲುವುದು ನೆಲ ಮುಟ್ಟಿದಾಗ ಅಲ್ಲ. ಮತ್ತೊಂದು ನಿಲ್ದಾಣದಲ್ಲಿ ಗಾಲಿ ಪೂರ್ತಿಯಾಗಿ ನಿಂತಾಗ. ಕದಲಿದ ವಿಮಾನ ಓಡುದಾರಿಯ ತುದಿಯ ತನಕ ಮೆಲ್ಲಗೆ ಉರುಳಬೇಕು, ಅಪ್ಪಣೆಗೆ ಕಾಯಬೇಕು. ಮೇಲೆದ್ದ ಮೇಲೆಯೂ ಪೂರ್ಣ ವೇಗ ಒಮ್ಮೆಲೇ ಬರುವುದಿಲ್ಲ. ತುಂಬಿದ ಚಕ್ಕಡಿ ಘಾಟು ಏರುವಂತೆ ಅದು ಇಪ್ಪತ್ತು ನಿಮಿಷ ಏರುತ್ತ ಹೋಗುತ್ತದೆ. ಮೂವತ್ತು ಮೂವತ್ತೈದು ಸಾವಿರ ಅಡಿಯ ಎತ್ತರ ಸಿಗುವ ಹೊತ್ತಿಗೆ ಮೀರಜ ಹಿಂದೆ ಬಿದ್ದಿರುತ್ತದೆ. ಅಲ್ಲಿ ಗಾಳಿ ತೆಳ್ಳಗೆ. ತಡೆ ಕಡಿಮೆ, ಎಣ್ಣೆಯ ಖರ್ಚು ಕಡಿಮೆ, ಓಟ ಹೆಚ್ಚು. ಆದರೆ ಆ ಸುಖ ಬಹಳ ಹೊತ್ತಿನದಲ್ಲ. ಇಳಿಯಬೇಕಾದ ಊರು ಇನ್ನೂ ಇನ್ನೂರು ಕಿಲೋಮೀಟರು ಇರುವಾಗಲೇ, ಅಂದರೆ ಚಿತ್ತೋಡಗಡದ ಸುಮಾರಿಗೆ, ಇಳಿತ ಆರಂಭವಾಗುತ್ತದೆ. ಇಳಿಯುತ್ತ ಇಳಿಯುತ್ತ ವೇಗವನ್ನು ಕಳೆದುಕೊಳ್ಳಬೇಕು. ಗಾಳಿಗೆ ಎದುರಾಗಿ ಇಳಿಯುವುದೇ ಕ್ಷೇಮವಾದುದರಿಂದ ಕೆಲವು ಸಲ ಊರನ್ನು ಒಂದು ಬಳಸು ಬಳಸಿ ಬರಬೇಕು. ಈ ಏರಿಳಿತಗಳ ಬೆಲೆಯೇ ಆ ಅರ್ಧ ತಾಸು.

ಇದರಿಂದ ಮನೆಯಲ್ಲಿ ನೆನಪಿಡಲು ಒಂದು ಸುಲಭ ಸೂತ್ರ ಸಿಗುತ್ತದೆ. ಆಕಾಶದ ದೂರವನ್ನು ೮೦೦ರಿಂದ ಭಾಗಿಸಿರಿ. ಅರ್ಧ ತಾಸು ಕೂಡಿಸಿರಿ. ಪಂಖದ ವಿಮಾನವಾದರೆ, ಅಂದರೆ ಎಟಿಆರ್ ಜಾತಿಯದಾದರೆ, ೫೦೦ರಿಂದ ಭಾಗಿಸಿ ಅರ್ಧ ತಾಸು ಕೂಡಿಸಿರಿ. ಪರೀಕ್ಷೆ ಮಾಡಿ ನೋಡೋಣ. ಸಾಂಬ್ರಾದಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು ೪೪೫ ಕಿಲೋಮೀಟರು. ಜೆಟ್ಟಿಗೆ ಒಂದು ತಾಸು ಐದು ನಿಮಿಷ. ಪಂಖದ ವಿಮಾನಕ್ಕೆ ಒಂದು ತಾಸು ಇಪ್ಪತ್ತೈದು ನಿಮಿಷ. ಜೆಟ್ಟಿನ ವೇಗ ಒಂದೂವರೆ ಪಟ್ಟಿಗಿಂತ ಹೆಚ್ಚಾದರೂ ಉಳಿತಾಯವಾದದ್ದು ಇಪ್ಪತ್ತೇ ನಿಮಿಷ! ಸಾಂಬ್ರಾದಿಂದ ದಿಲ್ಲಿಗೆ ಸುಮಾರು ೧,೪೩೫ ಕಿಲೋಮೀಟರು. ಸೂತ್ರದಂತೆ ಎರಡು ತಾಸು ಇಪ್ಪತ್ತು ನಿಮಿಷ. ೨೦೨೩ರ ಅಕ್ಟೋಬರಿನಲ್ಲಿ ದಿಲ್ಲಿಗೆ ನೇರ ವಿಮಾನ ಆರಂಭವಾದಾಗ ಕೊಟ್ಟ ಸಮಯವೂ ಹೆಚ್ಚು ಕಡಿಮೆ ಅಷ್ಟೇ. ಹಾದಿ ಚಿಕ್ಕದಿದ್ದಷ್ಟೂ ವೇಗದ ಲಾಭ ಕಡಿಮೆ. ಏರಿಳಿತದ ಪಾಲು ಹೆಚ್ಚು. ಇದು ಮೊದಲನೆಯ ತಿಳಿವಳಿಕೆ.

ಎರಡನೆಯದು ಗಾಳಿಯ ಆಟ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾದ ಗಾಳಿಯ ಹೊಳೆಯೊಂದು ಹರಿಯುತ್ತದೆ. ಜಯಪುರದಿಂದ ಗುವಾಹಟಿಗೆ ಸುಮಾರು ೧,೫೭೦ ಕಿಲೋಮೀಟರು. ತಾಸಿಗೆ ೧೦೦ ಕಿಲೋಮೀಟರು ವೇಗದ ಗಾಳಿ ಬೆನ್ನಿಗಿದ್ದರೆ ೮೦೦ರ ವಿಮಾನ ನೆಲದ ಲೆಕ್ಕದಲ್ಲಿ ೯೦೦ ಆಗುತ್ತದೆ. ಮರಳಿ ಬರುವಾಗ ಅದೇ ಗಾಳಿ ಎದುರಾಗಿ ೭೦೦ಕ್ಕಿಳಿಯುತ್ತದೆ. ಹೋಗಲು ಒಂದೂ ಮುಕ್ಕಾಲು ತಾಸು, ಬರಲು ಎರಡೂ ಕಾಲು ತಾಸು. ಅದೇ ಊರು, ಅದೇ ದೂರ, ಅದೇ ವಿಮಾನ; ಅರ್ಧ ತಾಸಿನ ಅಂತರ. ನಮ್ಮ ಉತ್ತರ ದಕ್ಷಿಣದ ಹಾದಿಗೆ ಈ ಗಾಳಿ ಬೆನ್ನಿಗೂ ಅಲ್ಲ, ಎದುರಿಗೂ ಅಲ್ಲ, ಪಕ್ಕೆಗೆ ಬಡಿಯುತ್ತದೆ. ತುಂಬಿದ ಘಟಪ್ರಭೆಯನ್ನು ದಾಟಿಸುವ ಅಂಬಿಗ ಆಚೆಯ ದಂಡೆಯ ಮೆಟ್ಟಿಲಿಗೆ ಮುಟ್ಟಬೇಕಾದರೆ ನಾವೆಯ ಮೂತಿಯನ್ನು ಹೊಳೆಯ ಮೇಲ್ಮುಖವಾಗಿ ತಿರುಗಿಸಿ ಹುಟ್ಟು ಹಾಕುತ್ತಾನಲ್ಲವೆ? ವಿಮಾನ ನಡೆಸುವವನೂ ಹಾಗೆಯೇ ಮೂತಿಯನ್ನು ತುಸು ಪಶ್ಚಿಮಕ್ಕೆ ಓರೆ ಮಾಡಿ ಉತ್ತರಕ್ಕೆ ಹೋಗುತ್ತಾನೆ. ಇದರಿಂದ ತಗಲುವ ಹೊತ್ತು ನಾಲ್ಕಾರು ನಿಮಿಷ ಮಾತ್ರ. ಆದ್ದರಿಂದ ನಮ್ಮ ಹಾದಿಯಲ್ಲಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ದೊಡ್ಡ ಅಂತರ ಬೀಳುವುದಿಲ್ಲ.

ಮೂರನೆಯದೇ ಮುಖ್ಯವಾದದ್ದು: ನಡುವಿನ ನಿಲುಗಡೆ. ಫೋನು ಹೇಳಿದ ಎರಡು ತಾಸು ನೇರ ಹಾರುವ ವಿಮಾನದ ಲೆಕ್ಕ. ಎರಡು ನಿಲ್ದಾಣಗಳ ಹೆಸರು ಕೊಟ್ಟರೆ ಯಂತ್ರವು ಅಂತರವನ್ನು ಅಳೆದು ವೇಗದಿಂದ ಭಾಗಿಸಿ ಉತ್ತರ ಹೇಳಿಬಿಡುತ್ತದೆ; ಆ ಎರಡರ ನಡುವೆ ವಿಮಾನ ಹಾರುತ್ತದೆಯೋ ಇಲ್ಲವೋ ಎಂಬುದು ಆ ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ. ೨೦೨೦ರ ಡಿಸೆಂಬರಿನಲ್ಲಿ ಸ್ಟಾರ್ ಏರ್ ಕಂಪನಿ ಸಾಂಬ್ರಾ, ಸೂರತ, ಕಿಶನಗಡಗಳನ್ನು ಒಂದು ಸರದಲ್ಲಿ ಪೋಣಿಸಿ ವಿಮಾನ ಓಡಿಸತೊಡಗಿತು. ಬ್ರೆಜಿಲ್ ದೇಶದಲ್ಲಿ ತಯಾರಾದ, ಐವತ್ತು ಆಸನಗಳ ಎಂಬ್ರಾಯರ್ ಜೆಟ್ ವಿಮಾನ ಅದು. ಸಾಂಬ್ರಾದಿಂದ ಸೂರತಕ್ಕೆ ಆಕಾಶದಲ್ಲಿ ೬೧೭ ಕಿಲೋಮೀಟರು, ಸೂರತದಿಂದ ಕಿಶನಗಡಕ್ಕೆ ೬೪೪. ಕೂಡಿದರೆ ೧,೨೬೧. ನೇರ ಹಾದಿಗಿಂತ ಹೆಚ್ಚಾದದ್ದು ಎಪ್ಪತ್ತು ಕಿಲೋಮೀಟರು ಮಾತ್ರ. ಹಾರಾಟದ ಲೆಕ್ಕದಲ್ಲಿ ಐದು ನಿಮಿಷ. ಇಷ್ಟೇ ತಾನೆ ಎನ್ನುತ್ತೀರಿ. ಆದರೆ ಏರುವುದು ಇಳಿಯುವುದು ಎರಡು ಸಲವಾಯಿತು; ಮತ್ತೊಂದು ಅರ್ಧ ತಾಸು ಅಲ್ಲಿ ಹೋಯಿತು. ಸೂರತದಲ್ಲಿ ಜನ ಇಳಿಯಬೇಕು, ಜನ ಹತ್ತಬೇಕು, ಎಣ್ಣೆ ತುಂಬಬೇಕು. ಇನ್ನೊಂದು ಅರ್ಧ ತಾಸು. ಎರಡು ತಾಸಿನ ಹಾದಿ ಮೂರು ತಾಸು ದಾಟಿತು. ಐದು ನಿಮಿಷದ ದೂರ, ಒಂದು ತಾಸಿನ ತಡ! ಬಸ್ಸಿನಲ್ಲಿ ಹೋಗುವಾಗ ದೂರ ಬೆಳೆದಷ್ಟು ಹೊತ್ತು ಬೆಳೆಯುತ್ತದೆ; ವಿಮಾನದಲ್ಲಿ ಹೊತ್ತು ಬೆಳೆಯುವುದು ನೆಲ ಮುಟ್ಟಿದಾಗ.

ಇನ್ನು ಅಂಥ ವಿಮಾನ ಆ ದಿನ ಇಲ್ಲವೆಂದಿಟ್ಟುಕೊಳ್ಳಿರಿ. ಆಗ ಬೆಂಗಳೂರಿನ ಮೇಲೆ ಬಳಸಿ ಬರಬೇಕು. ಜಯಪುರದಿಂದ ಬೆಂಗಳೂರಿಗೆ ಸುಮಾರು ೧,೫೩೦ ಕಿಲೋಮೀಟರು. ಅಲ್ಲಿಂದ ಸಾಂಬ್ರಾಕ್ಕೆ ೪೪೫. ಒಟ್ಟು ಎರಡು ಸಾವಿರಕ್ಕೆ ಸಮೀಪ. ಊರಿನ ಮಗ್ಗುಲಿನಿಂದಲೇ ಮುಂದೆ ದಕ್ಷಿಣಕ್ಕೆ ಹಾರಿಹೋಗಿ, ಅಲ್ಲಿ ಮೂರು ನಾಲ್ಕು ತಾಸು ಕಾದು, ಮತ್ತೆ ಹಿಂದಕ್ಕೆ ಉತ್ತರಕ್ಕೆ ಬರುವುದು. ಬೆಂಗಳೂರಿನಲ್ಲಿ ಸಾಂಬ್ರಾದ ಆ ದಿನದ ಕೊನೆಯ ವಿಮಾನ ತಪ್ಪಿತೋ, ರಾತ್ರಿಯ ರೈಲೇ ಗತಿ.

ಚಿಕ್ಕ ಊರುಗಳ ವಿಮಾನಗಳು ಒಂದು ಕಾಲಕ್ಕಿದ್ದು ಇನ್ನೊಂದು ಕಾಲಕ್ಕೆ ಇಲ್ಲವಾಗುವುದೇಕೆ ಎಂದು ಹಲವರು ಕೇಳುತ್ತಾರೆ. ಇದರ ಹಿಂದೆ ಹಣದ ಲೆಕ್ಕವಿದೆ. ಐವತ್ತು ಆಸನದ ವಿಮಾನವಾದರೂ ಅದಕ್ಕೆ ಇಬ್ಬರು ಚಾಲಕರು ಬೇಕು, ಓಡುದಾರಿ ಬೇಕು, ಅಗ್ನಿಶಾಮಕದವರು ಬೇಕು. ಖರ್ಚನ್ನು ಹಂಚಿಕೊಳ್ಳುವ ತಲೆಗಳು ಮಾತ್ರ ಕಡಿಮೆ. ಇದಕ್ಕಾಗಿಯೇ ಕೇಂದ್ರ ಸರಕಾರ ೨೦೧೬ರಲ್ಲಿ 'ಉಡಾನ್' ಯೋಜನೆಯನ್ನು ತಂದಿತು. ೨೦೧೭ರ ಏಪ್ರಿಲ್ ೨೭ರಂದು ಸಿಮ್ಲಾದಿಂದ ದಿಲ್ಲಿಗೆ ಅದರ ಮೊದಲ ವಿಮಾನ ಹಾರಿತು. ಒಂದು ತಾಸಿನ ಹಾರಾಟಕ್ಕೆ, ಗೊತ್ತುಪಡಿಸಿದಷ್ಟು ಆಸನಗಳಿಗೆ, ೨,೫೦೦ ರೂಪಾಯಿಯ ಸುತ್ತ ದರವನ್ನು ಕಟ್ಟಿಹಾಕಿ, ಕಂಪನಿಗೆ ಬೀಳುವ ಕೊರತೆಯನ್ನು ಸರಕಾರ ತುಂಬಿಕೊಡುವುದು ಯೋಜನೆಯ ತಿರುಳು. ೨೦೧೯ರಲ್ಲಿ ನಡೆದ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೂ ಪಾಲು ಸಿಕ್ಕಿತು. ಅದರಿಂದ ನಮ್ಮ ಸಾಂಬ್ರಾಕ್ಕೆ ಹಲವು ಹೊಸ ಊರುಗಳ ನಂಟು ಬೆಳೆಯಿತು. ಆದರೆ ಸಹಾಯಧನ ಒಂದು ಹಾದಿಗೆ ಮೂರು ವರ್ಷದ್ದು. ಅಷ್ಟರಲ್ಲಿ ಜನ ಕೂಡಿಬಂದರೆ ಹಾದಿ ಉಳಿಯುತ್ತದೆ. ಇಲ್ಲವಾದರೆ ವಿಮಾನ ಬೇರೆ ಊರಿನ ಕಡೆಗೆ ಮುಖ ತಿರುಗಿಸುತ್ತದೆ. ಆದ್ದರಿಂದ ಹೋದ ವರ್ಷ ಸೋದರಮಾವ ಆ ವಿಮಾನದಲ್ಲಿ ಬಂದಿದ್ದರೆಂಬುದು ಈ ವರ್ಷಕ್ಕೆ ಸಾಕ್ಷಿಯಾಗಲಾರದು. ವಾರದಲ್ಲಿ ಮೂರೋ ನಾಲ್ಕೋ ದಿನ ಮಾತ್ರ ಹಾರುವ ವಿಮಾನಗಳೂ ಉಂಟು. ಮಂಗಳವಾರ ಇರುವ ವಿಮಾನ ಬುಧವಾರ ಇರಲಿಕ್ಕಿಲ್ಲ.

ಇಷ್ಟೆಲ್ಲ ಆದ ಮೇಲೆ ಹೊಸ್ತಿಲಿನಿಂದ ಹೊಸ್ತಿಲಿಗೆ ಲೆಕ್ಕ ಹಾಕೋಣ. ಗೋಕಾಕದ ಯೋಧನೊಬ್ಬ ನಸೀರಾಬಾದಿನಲ್ಲಿದ್ದಾನೆ ಎಂದು ಭಾವಿಸಿರಿ. ಅವನಿಗೆ ರಜೆ ಸಿಕ್ಕಿದೆ. ಆ ದಿನ ಸೂರತದ ಮೇಲಿನ ವಿಮಾನವೂ ಇದೆ ಎಂದು ಉತ್ತಮ ಪಕ್ಷದಲ್ಲಿ ಎಣಿಸೋಣ. ನಸೀರಾಬಾದಿನಿಂದ ಕಿಶನಗಡಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು. ಒಂದು ತಾಸು ಕಾಲು. ವಿಮಾನ ಹೊರಡುವುದಕ್ಕೆ ಒಂದು ತಾಸು ಮುಂಚೆ ಸಾಮಾನ್ಯವಾಗಿ ಚೀಟಿಯ ಕಟ್ಟೆ ಮುಚ್ಚುತ್ತದೆ. ಆದುದರಿಂದ ಒಂದೂವರೆ ತಾಸು ಮುಂಚೆ ಅಲ್ಲಿರಬೇಕು. ಸೂರತದ ಮೇಲಿನಿಂದ ಸಾಂಬ್ರಾಕ್ಕೆ ಮೂರು ತಾಸು. ಇಳಿದು ಗಂಟು ತೆಗೆದುಕೊಂಡು ಹೊರಗೆ ಬರಲು ಇಪ್ಪತ್ತು ನಿಮಿಷ. ಸಾಂಬ್ರಾದಿಂದ ಗೋಕಾಕಕ್ಕೆ ಹಕ್ಕಿಯ ಲೆಕ್ಕದಲ್ಲಿ ೪೧ ಕಿಲೋಮೀಟರಾದರೂ ರಸ್ತೆಯಲ್ಲಿ ಐವತ್ತನ್ನು ದಾಟುತ್ತದೆ. ಕಬ್ಬಿನ ಗಾಡಿಗಳ ಸುಗ್ಗಿಯಲ್ಲಿ ಒಂದೂವರೆ ತಾಸು ಹಿಡಿಯಿರಿ. ಎಲ್ಲವೂ ಕೂಡಿ ಏಳೂವರೆ ತಾಸು. ಇದರಲ್ಲಿ ವಿಮಾನ ತನ್ನ ಪೂರ್ಣ ವೇಗದಲ್ಲಿ ಓಡಿದ್ದು ಒಂದು ತಾಸಿಗೆ ತುಸು ಮೇಲೆ. ಮನೆ ಮೂಡಲಗಿಯಲ್ಲಿದ್ದರೆ ಇನ್ನೂ ಮುಕ್ಕಾಲು ತಾಸು ಕೂಡಿಸಬೇಕು.

ಇದೇ ಪಯಣ ಜಯಪುರ, ಬೆಂಗಳೂರುಗಳ ಮೇಲಾದರೆ? ಜಯಪುರದ ತನಕ ರಸ್ತೆಯಲ್ಲಿ ಮೂರು ತಾಸು; ಅಲ್ಲಿ ಒಂದೂವರೆ; ಹಾರಾಟ ಎರಡೂವರೆ; ಬೆಂಗಳೂರಿನಲ್ಲಿ ಕಾಯುವುದು ಮೂರು; ಮತ್ತೆ ಹಾರಾಟ ಒಂದೂ ಕಾಲು; ಇಳಿದು ಊರು ಸೇರಲು ಎರಡು ತಾಸಿಗೆ ಹತ್ತಿರ. ಹದಿಮೂರು ತಾಸಾಯಿತು. ರೈಲಿನಲ್ಲಿಯಾದರೆ ಅಜಮೀರದಿಂದ ಅಹಮದಾಬಾದ, ಪುಣೆ, ಮೀರಜಗಳ ಮೇಲೆ ಬೆಳಗಾವಿಗೆ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿ ಹಿಡಿಯುತ್ತದೆ. ಆದ್ದರಿಂದ ವಿಮಾನದ ಉಪಕಾರ ದೊಡ್ಡದೇ. ಆದರೆ ಅದು ಎರಡು ತಾಸಿನ ಉಪಕಾರವಲ್ಲ, ಏಳೆಂಟು ತಾಸಿನದು, ಇಲ್ಲವೆ ಹದಿಮೂರು ತಾಸಿನದು.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ೧೯೩೨ರ ಅಕ್ಟೋಬರ್ ೧೫ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಟಪಾಲು ಹೊತ್ತು ತಂದರು. ಭಾರತೀಯ ವಿಮಾನ ಸಾರಿಗೆಯ ಮೊದಲ ಹೆಜ್ಜೆ ಅದು. ಅಹಮದಾಬಾದಿನಲ್ಲಿ ಅವರ ಪುಟ್ಟ ಪುಸ್ ಮಾತ್ ವಿಮಾನಕ್ಕೆ ಬೇಕಾದ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ! ಮುಂಬಯಿಯಿಂದ ಆ ಟಪಾಲನ್ನು ಅವರ ಜತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಆ ವಿಮಾನದ ವೇಗ ತಾಸಿಗೆ ೧೬೦ ಕಿಲೋಮೀಟರಿನ ಸುತ್ತ. ಈಗ ನಮ್ಮ ಯೋಧನ ಏಳೂವರೆ ತಾಸನ್ನು ನಸೀರಾಬಾದಿನಿಂದ ಗೋಕಾಕದ ನೇರ ದೂರಕ್ಕೆ, ಅಂದರೆ ೧,೧೨೫ ಕಿಲೋಮೀಟರಿಗೆ, ಹಂಚಿ ನೋಡಿರಿ. ತಾಸಿಗೆ ೧೫೦ ಕಿಲೋಮೀಟರು. ೮೦೦ರ ವೇಗದ ಜೆಟ್ ವಿಮಾನ ಹತ್ತಿ ಬಂದರೂ ಮನೆಯ ಹೊಸ್ತಿಲಿನ ಲೆಕ್ಕದಲ್ಲಿ ನಾವು ಆ ಪುಸ್ ಮಾತ್ ವಿಮಾನದ ಓಟವನ್ನೂ ಮೀರಿಲ್ಲ. ಗೆದ್ದದ್ದನ್ನೆಲ್ಲ ಆಕಾಶದಲ್ಲಿ ಗೆದ್ದು, ನೆಲದ ಮೇಲೆ ಕಳೆದುಕೊಳ್ಳುತ್ತೇವೆ.

ಇದರಿಂದ ನಿಮ್ಮ ಮನೆಗೆ ಬೇಕಾದ ಬುದ್ಧಿಯ ಮಾತುಗಳು ನಾಲ್ಕು. ಒಂದು, ದೂರ ಎಷ್ಟೆಂದು ಕೇಳುವ ಮೊದಲು ಆ ದಿನ, ಆ ಹೊತ್ತಿಗೆ ವಿಮಾನ ಇದೆಯೇ ಎಂದು ವಿಚಾರಿಸಿರಿ. ಎರಡು, ಅದು ನೇರ ಬರುತ್ತದೆಯೋ ನಡುವೆ ಇಳಿಯುತ್ತದೆಯೋ, ಅಥವಾ ವಿಮಾನ ಬದಲಿಸಬೇಕೋ ತಿಳಿದುಕೊಳ್ಳಿರಿ. ಒಂದು ನಿಲುಗಡೆಗೆ ಒಂದು ತಾಸು, ಒಂದು ಬದಲಾವಣೆಗೆ ಮೂರು ತಾಸು ಕೂಡಿಸಿರಿ. ಮೂರು, ಸಾಂಬ್ರಾ ಒಂದನ್ನೇ ನೋಡಬೇಡಿರಿ. ಹುಕ್ಕೇರಿಯವರಿಗೆ ಸಂಕೇಶ್ವರದ ಮೇಲಿನ ಹೆದ್ದಾರಿಯಲ್ಲಿ 'ಕೊಲ್ಹಾಪುರದ ನಿಲ್ದಾಣವೂ ದೂರವಲ್ಲ. ಹಕ್ಕಿಯ ಲೆಕ್ಕದಲ್ಲಿ ಐವತ್ತೆಂಟು ಕಿಲೋಮೀಟರು. ಗೋಕಾಕದವರಿಗೆ ಹುಬ್ಬಳ್ಳಿ ಹಕ್ಕಿಯ ಲೆಕ್ಕದಲ್ಲಿ ತೊಂಬತ್ತನ್ನು ದಾಟುತ್ತದೆ; ಆದರೆ ಅಲ್ಲಿಗೆ ನೇರ ವಿಮಾನವಿದ್ದು ಇಲ್ಲಿಗೆ ಇಲ್ಲದಿದ್ದರೆ ರಸ್ತೆಯ ಒಂದು ತಾಸು ಹೆಚ್ಚು ಕೊಟ್ಟು ಮೂರು ತಾಸು ಗಳಿಸಿದಂತಾಗುತ್ತದೆ. ನಾಲ್ಕು, ಕಾಲಮಾನವನ್ನು ನೆನಪಿಡಿರಿ. ಆಷಾಢ ಶ್ರಾವಣದಲ್ಲಿ ಸಾಂಬ್ರಾದ ಮೇಲೆ ಮೋಡ ಕವಿದು ಓಡುದಾರಿ ಕಾಣದಿದ್ದರೆ ವಿಮಾನ ಬೇರೆ ಊರಿಗೆ ಹೋಗಿ ಇಳಿಯಬಹುದು. ಪುಷ್ಯ ಮಾಘದ ಬೆಳಗಿನಲ್ಲಿ ಉತ್ತರದ ಊರುಗಳ ಮೇಲೆ ಮಂಜು ಮುಸುಕಿ ಹೊರಡುವುದೇ ತಡವಾಗಬಹುದು. ಅಂಥ ಕಾಲದಲ್ಲಿ ಎರಡು ತಾಸನ್ನು ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ.

ಕೊನೆಯದಾಗಿ, ದೂರದಿಂದ ಹೊರಟವರಿಗೂ ಮನೆಯಲ್ಲಿ ಕಾಯುವವರಿಗೂ ಒಂದು ಮಾತು. ಫೋನಿನಲ್ಲಿ ಹೇಳುವಾಗ 'ವಿಮಾನ ಇಷ್ಟು ಗಂಟೆಗೆ ಇಳಿಯುತ್ತದೆ' ಎನ್ನಬೇಡಿರಿ. 'ಮನೆಯ ಬಾಗಿಲಿಗೆ ಇಷ್ಟು ಗಂಟೆಗೆ ಬರುತ್ತೇನೆ' ಎನ್ನಿರಿ. ಕಾಯುವವರು ಆ ಗಂಟೆಯನ್ನೇ ಹಿಡಿದು ಮುಂದಿನ ಏರ್ಪಾಡು ಮಾಡಲಿ. ಹಿರಿಯರು ಮೊದಲಿನಿಂದಲೂ ಹಾದಿಯನ್ನು ಹೀಗೆಯೇ ಅಳೆಯುತ್ತ ಬಂದಿದ್ದಾರೆ. ದುಃಖದ ಮನೆಯಲ್ಲಿ ಈ ಒಂದು ಗಂಟೆಯ ಲೆಕ್ಕ ಸರಿಯಾಗಿದ್ದರೆ ಕಾಯುವವರಿಗೆ ನೆಮ್ಮದಿ, ಬರುವವನಿಗೆ ಮುಖದರ್ಶನ.